ಕೋಚ್ ಹೋಗಬೇಕಾ? ಬೆಂಗಳೂರು, ಗೋವಾ ಮತ್ತು ನಡುವೆ ಸಿಕ್ಕ ಕಾರವಾರ

2022ರ ನವೆಂಬರ್ 17ರಂದು ಬೆಂಗಳೂರು ಎಫ್‌ಸಿ ಮುಂಬಯಿಗೆ ಹೋಗಿ ಮುಂಬೈ ಸಿಟಿ ಎದುರು 0-4 ಸೋತು ಬಂತು. ಸುಮಾರು ಒಂದು ವರ್ಷದ ನಂತರ, 2023ರ ಡಿಸೆಂಬರ್ 8ರಂದು, ಅದೇ ಮುಂಬೈ ಎದುರು ಮತ್ತೆ ಅದೇ 0-4. ಈ ಸಲ ನಮ್ಮದೇ ಕಂಠೀರವದಲ್ಲಿ! ಎರಡೂ ಸಲ ಕೋಚ್ ಒಬ್ಬರೇ, ಇಂಗ್ಲೆಂಡಿನ ಸೈಮನ್ ಗ್ರೇಸನ್. ಮೊದಲ ಸಲ ಉಳಿದರು. ಎರಡನೇ ಸಲ ಮರುದಿನವೇ ಮನೆಗೆ.

ಒಂದೇ ಸ್ಕೋರು, ಒಂದೇ ಎದುರಾಳಿ, ಒಬ್ಬರೇ ಕೋಚ್, ಎರಡು ತೀರ್ಪು. ಯಾವುದು ಸರಿ? ಈ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನದಿಂದ ಕೂತಿದೆ. ಕ್ರಿಕೆಟ್ ಬಗ್ಗೆ ಬರೆಯೋ ಬ್ಲಾಗ್ ಮಿತ್ರರು ಬೇಕಾದಷ್ಟಿದ್ದೀರಿ, ಫುಟ್ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯೋರು ಕಡಿಮೆ. ಹಾಗಾಗಿ ಸ್ವಲ್ಪ ಉದ್ದ ಆದ್ರೂ ಸಹಿಸಿಕೊಳ್ಳಿ :-)

ಮೊದಲು ನಮ್ಮ ಊರಿನ ಪರಿಸ್ಥಿತಿ ಹೇಳಿಬಿಡ್ತೀನಿ. ಕಾರವಾರದಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಹೆಚ್ಚು. ಮಡಗಾಂವಿಗೆ ಎಪ್ಪತ್ತರ ಆಸುಪಾಸು. ಮಾಜಾಳಿ ಗಡಿ ದಾಟಿ, ಕಾಣಕೋಣದ ಘಟ್ಟ ಹತ್ತಿ ಇಳಿದರೆ ಮಡಗಾಂವ್, ಅದರ ಪಕ್ಕದಲ್ಲೇ ಫತೋರ್ಡಾ ಕ್ರೀಡಾಂಗಣ. ಅಂದರೆ ರಾಜ್ಯದ ತಂಡ ದೂರ, ಪಕ್ಕದ ರಾಜ್ಯದ ತಂಡ ಹಿತ್ತಲಲ್ಲಿ. ನಮ್ಮ ಮನೆಯಲ್ಲೇ ಇದಕ್ಕೆ ಎರಡು ಪಕ್ಷ. ಕಾರವಾರದ ಮಾಮ ಎಫ್‌ಸಿ ಗೋವಾ. ಅಂಕೋಲೆಯ ದೊಡ್ಡಪ್ಪನ ಮಗ, ನಮಗೆಲ್ಲ ಅಣ್ಣ, ಬೆಂಗಳೂರು ಎಫ್‌ಸಿ. ಕಾರವಾರಕ್ಕೂ ಅಂಕೋಲೆಗೂ ಇರೋದು ಮೂವತ್ತೈದು ಕಿಲೋಮೀಟರು ಮಾತ್ರ, ಆದರೆ ಪಂದ್ಯದ ದಿನ ಫೋನಿನಲ್ಲಿ ಅದು ಬಹಳ ದೂರ ಅನ್ನಿಸುತ್ತೆ.

ಮಾಮನ ತಲೆಮಾರಿಗೆ ಕೋಚ್ ಅಂದರೆ ಅರ್ಮಾಂಡೊ ಕೊಲಾಸೊ. ಗೋವಾದ ಡೆಂಪೊ ತಂಡವನ್ನು ಒಂದು ದಶಕಕ್ಕೂ ಹೆಚ್ಚು ಕಾಲ ನಡೆಸಿದ ಮನುಷ್ಯ. 2004-05 ಮತ್ತು 2006-07ರಲ್ಲಿ ರಾಷ್ಟ್ರೀಯ ಲೀಗ್, ಆಮೇಲೆ ಹೆಸರು ಬದಲಾದ ಐ-ಲೀಗ್ 2007-08, 2009-10, 2011-12ರಲ್ಲಿ. ಒಟ್ಟು ಐದು. ನಡುವಿನ ವರ್ಷಗಳಲ್ಲಿ ಗೆಲ್ಲಲಿಲ್ಲ, ಆದರೂ ಅವರೇ ಇದ್ದರು. "ಕೋಚ್ ಅಂದ್ರೆ ಮನೆ ಹಿರಿಯ ಇದ್ದ ಹಾಗೆ ಮಾರಾಯ, ಒಂದು ವರ್ಷ ಬೆಳೆ ಹಾಳಾಯ್ತು ಅಂತ ಯಾರಾದ್ರೂ ಹಿರಿಯನ್ನ ಬದಲಾಯಿಸ್ತಾರಾ?" ಅನ್ನೋದು ಮಾಮನ ವಾದ.

ಈ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟಿದ್ದು ಅವರದೇ ಗೋವಾ. 2020ರ ಜನವರಿ ಕೊನೆಯಲ್ಲಿ ಎಫ್‌ಸಿ ಗೋವಾ ತನ್ನ ಸ್ಪ್ಯಾನಿಷ್ ಕೋಚ್ ಸೆರ್ಜಿಯೊ ಲೊಬೆರಾ ಅವರನ್ನು ತೆಗೆದುಹಾಕಿತು. ತಂಡ ಸೋಲ್ತಾ ಇತ್ತಾ? ಇಲ್ಲ! ಪಟ್ಟಿಯ ಮೇಲ್ತುದಿಯಲ್ಲಿತ್ತು, ಲೀಗಿನಲ್ಲಿ ಇನ್ನು ಮೂರೇ ಪಂದ್ಯ ಬಾಕಿ. ಹಂಗಾಮಿಯಾಗಿ ಬಂದ ಕ್ಲಿಫರ್ಡ್ ಮಿರಾಂಡ ಆ ಮೂರನ್ನೂ ಗೆದ್ದರು, ಗೋವಾ ಲೀಗ್ ಶೀಲ್ಡ್ ಗೆದ್ದು ಎಎಫ್‌ಸಿ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ಆಯ್ತು. ನೋಡಿ, ತೆಗೆದದ್ದೇ ಸರಿ ಅಂದರು ಕೆಲವರು. ಲೊಬೆರಾ ಸುಮ್ಮನೆ ಕೂರಲಿಲ್ಲ, ಮುಂಬೈ ಸಿಟಿ ಸೇರಿ ಮರುವರ್ಷವೇ ಶೀಲ್ಡು, ಕಪ್ಪು ಎರಡನ್ನೂ ಗೆದ್ದರು. ಸೆಮಿಫೈನಲಿನಲ್ಲಿ ಪೆನಾಲ್ಟಿ ಶೂಟೌಟಿನಲ್ಲಿ ಬಿದ್ದ ತಂಡ ಯಾವುದು ಗೊತ್ತಾ? ಗೋವಾ! ಮಾಮ ಇವತ್ತಿಗೂ ಲೊಬೆರಾ ಹೆಸರು ತೆಗೆದರೆ ಚಹಾ ಲೋಟ ಕೆಳಗಿಡ್ತಾರೆ.

ಆ 2020-21ರ ಸೀಸನ್ ನಮ್ಮ ಕಡೆಯವರಿಗೆ ವಿಚಿತ್ರವಾದದ್ದು. ಕೊರೊನಾ ಕಾರಣಕ್ಕೆ ಇಡೀ ಐಎಸ್‌ಎಲ್ ಗೋವಾದಲ್ಲೇ ನಡೆಯಿತು, ಪ್ರೇಕ್ಷಕರಿಲ್ಲದೆ. ಅಣ್ಣನ ಬೆಂಗಳೂರು ತಂಡ ಎಪ್ಪತ್ತು ಕಿಲೋಮೀಟರ್ ದೂರದ ಫತೋರ್ಡಾವನ್ನೇ ತವರು ಮಾಡಿಕೊಂಡು ಆಡ್ತಾ ಇತ್ತು, ಆದರೆ ನೋಡೋಕೆ ಬಿಡೋರಿಲ್ಲ. ಹುಟ್ಟಿದ ಮೇಲೆ ಬೆಂಗಳೂರಿನ ತವರು ಇಷ್ಟು ಹತ್ತಿರ ಬಂದಿದ್ದು ಅದೇ ಮೊದಲು, ಟಿವಿಯಲ್ಲೇ ನೋಡಬೇಕಾಗಿ ಬಂದಿದ್ದೂ ಅದೇ.

ಆಗಿನ ಕೋಚ್ ಕಾರ್ಲೆಸ್ ಕ್ವಾದ್ರತ್. 2016ರಲ್ಲಿ ಆಲ್ಬರ್ಟ್ ರೋಕಾಗೆ ಸಹಾಯಕರಾಗಿ ಬಂದವರು, 2018ರಲ್ಲಿ ಮುಖ್ಯ ಕೋಚ್ ಆದರು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಫೈನಲಿನಲ್ಲಿ ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್ ಗೆದ್ದುಕೊಟ್ಟರು. ಎದುರಾಳಿ ಎಫ್‌ಸಿ ಗೋವಾ, ಕೋಚ್ ಲೊಬೆರಾ. 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೆಡ್ಡರ್, 1-0. ಆ ರಾತ್ರಿ ನಮ್ಮ ಮನೆಯಲ್ಲಿ ಒಂದು ಕಡೆ ಪಟಾಕಿ, ಇನ್ನೊಂದು ಕಡೆ ಮೌನ.

ಎರಡು ವರ್ಷ ತುಂಬೋಕೆ ಮುಂಚೆ ಅದೇ ಕ್ವಾದ್ರತ್ ಹೊರಗೆ. 2020-21ರ ಮೊದಲ ಆರು ಪಂದ್ಯದಲ್ಲಿ ತಂಡ ಸೋತೇ ಇರಲಿಲ್ಲ. ಆಮೇಲೆ ಎಟಿಕೆ ಮೋಹನ್ ಬಾಗಾನ್, ಜಮ್ಶೆಡ್‌ಪುರ, ಮುಂಬೈ, ಸಾಲಾಗಿ ಮೂರು ಸೋಲು. 2021ರ ಜನವರಿ 6ಕ್ಕೆ ಬೀಳ್ಕೊಡುಗೆ. ಇಲ್ಲಿ ಲೆಕ್ಕ ನೋಡಿ: ಕ್ವಾದ್ರತ್ ಇದ್ದಾಗ 9 ಪಂದ್ಯಕ್ಕೆ 12 ಪಾಯಿಂಟ್. ಹಂಗಾಮಿ ಕೋಚ್ ನೌಶಾದ್ ಮೂಸಾ ಬಂದ ಮೇಲೆ 11 ಪಂದ್ಯಕ್ಕೆ 10 ಪಾಯಿಂಟ್. ತಂಡ 7ನೇ ಸ್ಥಾನಕ್ಕೆ ಮುಗಿಸಿತು. ಮೂಸಾ ಕೆಟ್ಟ ಕೋಚ್ ಅಂತ ಇದರರ್ಥ ಅಲ್ಲ. ರೋಗ ಎಲ್ಲಿದೆ ಅಂತ ಹುಡುಕದೆ ಡಾಕ್ಟರನ್ನ ಬದಲಾಯಿಸಿದರು, ಅಷ್ಟೇ. ಅಣ್ಣ ಮಾತ್ರ ಆಗ ಕ್ವಾದ್ರತ್ ಹೋಗಲೇಬೇಕು ಅನ್ನೋ ಪಕ್ಷದಲ್ಲಿದ್ದ.

ಈಗ ಗ್ರೇಸನ್ ಕತೆಗೆ ಬರ್ತೀನಿ.

ಗ್ರೇಸನ್ 2022ರ ಜೂನಿನಲ್ಲಿ ಬಂದರು. ಇಂಗ್ಲೆಂಡಿನಲ್ಲಿ ಲೀಡ್ಸ್ ಯುನೈಟೆಡ್ ನಡೆಸಿದವರು. ತಂಡ ಮೂರನೇ ದರ್ಜೆಯಲ್ಲಿದ್ದಾಗ 2010ರ ಜನವರಿಯಲ್ಲಿ ಎಫ್‌ಎ ಕಪ್ಪಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡನ್ನು ಓಲ್ಡ್ ಟ್ರಾಫರ್ಡಿನಲ್ಲೇ 1-0 ಸೋಲಿಸಿದ್ದರು. ಇಲ್ಲಿಗೆ ಬಂದು ಸೆಪ್ಟೆಂಬರಿನಲ್ಲೇ ಡುರಾಂಡ್ ಕಪ್ ಗೆದ್ದರು, ಫೈನಲಿನಲ್ಲಿ ಮುಂಬೈ ಎದುರು 2-1. ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಆಮೇಲೆ ಐಎಸ್‌ಎಲ್ ಶುರುವಾಯ್ತು ನೋಡಿ... ಮೊದಲ 12 ಪಂದ್ಯದಲ್ಲಿ 8 ಸೋಲು, 10 ಪಾಯಿಂಟ್. ಡಿಸೆಂಬರ್ 30ಕ್ಕೆ ಈಸ್ಟ್ ಬೆಂಗಾಲ್ ಎದುರು 1-2. ಹೊಸ ವರ್ಷದ ಶುಭಾಶಯದ ಜಾಗದಲ್ಲಿ ಅಣ್ಣ ಕಳಿಸಿದ ಮೆಸೇಜು "ಇವನನ್ನು ವಿಮಾನ ಹತ್ತಿಸಿ". ನನಗೂ ಬೇರೆ ಏನೂ ಹೇಳೋಕೆ ತೋಚಲಿಲ್ಲ. ಎರಡು ವರ್ಷದ ಹಿಂದೆ ಮೂರು ಸೋಲಿಗೆ ಕೋಚನ್ನು ಕಳಿಸಿದ ಕ್ಲಬ್ ಈ ಸಲ ಎಂಟು ಸೋಲಿಗೂ ಸುಮ್ಮನಿತ್ತು.

2023ರ ಜನವರಿ 6ರಿಂದ ಫೆಬ್ರವರಿ 23ರವರೆಗೆ ಬೆಂಗಳೂರು 8 ಪಂದ್ಯ ಆಡಿತು, ಎಂಟನ್ನೂ ಗೆದ್ದಿತು. 24ಕ್ಕೆ 24 ಪಾಯಿಂಟ್. ಏನು ಬದಲಾಯ್ತು? ದೊಡ್ಡ ಬದಲಾವಣೆ ಅಂದರೆ ರಾಯ್ ಕೃಷ್ಣ ಜೊತೆ ಮುಂದೆ ಆಡೋಕೆ ಶಿವಶಕ್ತಿ ಅನ್ನೋ ಚಿಕ್ಕ ಹುಡುಗ ಬಂದ, ಸುನಿಲ್ ಚೆಟ್ರಿ ಹಲವು ಪಂದ್ಯದಲ್ಲಿ ಬೆಂಚಿನಿಂದ ಎದ್ದು ಬಂದರು. ಚೆಟ್ರಿಯನ್ನು ಹೊರಗೆ ಕೂರಿಸೋದು ಅಂದರೆ ಏನು ಅಂತ ಯೋಚಿಸಿ. ಸೋಲ್ತಾ ಇರೋ, ಕೆಲಸ ಹೋಗೋ ಭಯದಲ್ಲಿರೋ ಕೋಚಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಕ್ಲಬ್ ತನ್ನ ಹಿಂದೆ ನಿಂತಿದೆ ಅಂತ ಗೊತ್ತಿದ್ದರೆ ಮಾತ್ರ ಬರುತ್ತೆ ಅಂತ ನನಗನ್ನಿಸುತ್ತೆ.

ಪ್ಲೇಆಫಿನಲ್ಲಿ ಕೇರಳ ಎದುರು ಚೆಟ್ರಿ ಎಲ್ಲರೂ ಸಿದ್ಧವಾಗೋ ಮುಂಚೆ ಫ್ರೀಕಿಕ್ ಹೊಡೆದದ್ದು, ಕೇರಳದ ಕೋಚ್ ತಂಡವನ್ನೇ ಮೈದಾನದಿಂದ ಕರಕೊಂಡು ಹೋಗಿದ್ದು ನಿಮಗೆ ನೆನಪಿರಬಹುದು. ಸೆಮಿಫೈನಲಿನಲ್ಲಿ ಮುಂಬೈ ಎದುರು ಪೆನಾಲ್ಟಿಯಲ್ಲಿ 9-8. ಫೈನಲ್ ಮಾರ್ಚ್ 18ಕ್ಕೆ, ಎಲ್ಲಿ? ಫತೋರ್ಡಾದಲ್ಲಿ! ಎರಡು ವರ್ಷದ ಹಿಂದೆ ಒಳಗೆ ಬಿಡದ ಕ್ರೀಡಾಂಗಣಕ್ಕೆ ಅಣ್ಣ ಅಂಕೋಲೆಯಲ್ಲಿ ರೈಲು ಹತ್ತಿ ಹೋದ. ವಿಮಾನ ಹತ್ತಿಸಿ ಅಂದಿದ್ದ ಕೋಚಿಗಾಗಿ ಗಂಟಲು ಹರಿದುಕೊಂಡು ಬಂದ. ಮೋಹನ್ ಬಾಗಾನ್ ಎದುರು 2-2, ಪೆನಾಲ್ಟಿಯಲ್ಲಿ 3-4 ಸೋಲು.

ಇಂಥ ಕತೆ ಹೇಳಿದ ತಕ್ಷಣ ಯಾರಾದರೂ ಒಬ್ಬರು ಅಲೆಕ್ಸ್ ಫರ್ಗುಸನ್ ಹೆಸರು ತರ್ತಾರೆ. 1989ರ ಡಿಸೆಂಬರಿನಲ್ಲಿ ಓಲ್ಡ್ ಟ್ರಾಫರ್ಡಿನಲ್ಲೇ ಅವರನ್ನು ಹೋಗಿ ಅನ್ನೋ ಬ್ಯಾನರ್ ಎದ್ದಿತ್ತು, 1990ರಲ್ಲಿ ಎಫ್‌ಎ ಕಪ್ ಗೆದ್ದರು, 2013ರವರೆಗೆ ಉಳಿದರು, ಆದ್ದರಿಂದ ತಾಳ್ಮೆ ಇರಬೇಕು ಅಂತ. ನನಗೆ ಈ ವಾದ ಒಪ್ಪಿಗೆ ಇಲ್ಲ. ತಾಳ್ಮೆಯಿಂದ ಉಳಿಸಿಕೊಂಡು ಕೆಳಗಿನ ದರ್ಜೆಗೆ ಜಾರಿಹೋದ ತಂಡಗಳ ಕತೆ ಯಾರೂ ಹೇಳಲ್ಲ, ಯಾಕಂದರೆ ಅದರಲ್ಲಿ ಸ್ವಾರಸ್ಯ ಇಲ್ಲ. ಗೆದ್ದವರನ್ನು ಮಾತ್ರ ಎಣಿಸಿದರೆ ತಾಳ್ಮೆ ಯಾವಾಗಲೂ ಗೆದ್ದ ಹಾಗೇ ಕಾಣುತ್ತೆ.

ಇದಕ್ಕಿಂತ ನನಗೆ ಹಿಡಿಸಿದ್ದು ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ಮಾಡಿದ ಕೆಲಸ. ನೆದರ್‌ಲೆಂಡಿನ ಲೀಗಿನಲ್ಲಿ 1986ರಿಂದ 2004ರವರೆಗಿನ ಲೆಕ್ಕ ತೆಗೆದು ನೋಡಿದರು. ಸೋಲಿನ ಸರಣಿ ಆದ ಮೇಲೆ ಕೋಚನ್ನು ತೆಗೆದ ತಂಡಗಳು ಸುಧಾರಿಸಿಕೊಂಡವು, ನಿಜ. ಆದರೆ ಅಷ್ಟೇ ಕೆಟ್ಟದಾಗಿ ಸೋತು, ಕೋಚನ್ನು ತೆಗೆಯದೆ ಇದ್ದ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿಕೊಂಡಿದ್ದವು. ತಳ ಮುಟ್ಟಿದ ಮೇಲೆ ಮೇಲೆ ಬರೋದು ಸಹಜ, ಆ ಹೊತ್ತಿಗೆ ಕುರ್ಚಿಯಲ್ಲಿ ಇದ್ದವನಿಗೆ ಹೆಸರು. ನಮ್ಮ ಆಫೀಸುಗಳಲ್ಲೂ ಸರ್ವರ್ ಬಿದ್ದರೆ ಮೊದಲು ಹುಡುಕೋದು ಕೊನೆಯಲ್ಲಿ ಕೋಡ್ ಮುಟ್ಟಿದವನನ್ನ. ಎಷ್ಟೋ ಸಲ ತೊಂದರೆ ಇರೋದು ಆರು ತಿಂಗಳ ಹಿಂದೆ ಇನ್ನಾರೋ ತೆಗೆದುಹಾಕಿದ ಸಾಲಿನಲ್ಲಿ.

ಬೆಂಗಳೂರಿನ ಎರಡನೇ 0-4ರಲ್ಲಿ ಆಗಿದ್ದೂ ಅದೇ ಅಂತ ನನ್ನ ಲೆಕ್ಕಾಚಾರ. 2023ರ ಬೇಸಿಗೆಯಲ್ಲಿ ಆ ಫೈನಲ್ ಆಡಿದ ತಂಡವೇ ಕರಗಿಹೋಯ್ತು. ರಾಯ್ ಕೃಷ್ಣ ಒಡಿಶಾಗೆ, ಪ್ರಬೀರ್ ದಾಸ್ ಕೇರಳಕ್ಕೆ. ಸಂದೇಶ್ ಝಿಂಗನ್ ಮತ್ತು ಉದಾಂತ ಸಿಂಗ್ ಇಬ್ಬರೂ ಗೋವಾಕ್ಕೆ (ಮಾಮ ಅಣ್ಣನಿಗೆ ಫೋನ್ ಮಾಡಿ ಧನ್ಯವಾದ ಹೇಳಿದರು, ನಿಜಕ್ಕೂ). ಹೊಸ ಸೀಸನಿನ ಮೊದಲ 9 ಪಂದ್ಯದಲ್ಲಿ ಗೆಲುವು ಒಂದೇ, 7 ಪಾಯಿಂಟ್. ಡಿಸೆಂಬರ್ 9ಕ್ಕೆ ಗ್ರೇಸನ್ ಹೊರಗೆ. ರೆನೆಡಿ ಸಿಂಗ್ ಸ್ವಲ್ಪ ದಿನ ನೋಡಿಕೊಂಡರು, ಆಮೇಲೆ ಸ್ಪೇನಿನ ಜೆರಾರ್ಡ್ ಜರಗೋಜಾ ಬಂದರು. ಉಳಿದ 13 ಪಂದ್ಯಕ್ಕೆ 15 ಪಾಯಿಂಟ್. ಮೊದಲಿಗಿಂತ ಸ್ವಲ್ಪ ಮೇಲು, ಸೀಸನ್ ಮುಗಿದಾಗ ಸ್ಥಾನ ಮಾತ್ರ 10. ಆಟಗಾರರನ್ನು ಕಳಿಸಿದ್ದರ ಲೆಕ್ಕವನ್ನು ಕೋಚಿನ ಖಾತೆಗೆ ಬರೆದರು. ಹಾಗಂತ ಗ್ರೇಸನ್ ಉಳಿಯಬೇಕಿತ್ತು ಅಂತ ಹೇಳೋಕೂ ನನಗೆ ಬಾಯಿ ಬರಲ್ಲ. ಮೊದಲ ಸಲ ಅವರ ಹತ್ತಿರ ಬದಲಾಯಿಸೋಕೆ ಏನೋ ಇತ್ತು, ಬೆಂಚಿನಲ್ಲಿ ಒಬ್ಬ ಶಿವಶಕ್ತಿ ಕೂತಿದ್ದ. ಎರಡನೇ ಸಲ ತಿರುಗಿ ನೋಡಿದರೆ ಬೆಂಚು ಖಾಲಿ. ಸ್ಟ್ಯಾಂಡಿನಲ್ಲಿ ಕೂತು ಕೂಗೋ ನಮಗೆ 0-4 ಕಾಣುತ್ತೆ, ಬೆಂಚು ಕಾಣಲ್ಲ.

10ನೇ ಸ್ಥಾನಕ್ಕೆ ಇಳಿದ ಜರಗೋಜಾ ಅವರನ್ನು ಕ್ಲಬ್ ಉಳಿಸಿಕೊಂಡಿತು. ಮರುವರ್ಷ 3ನೇ ಸ್ಥಾನ. 2025ರ ಮಾರ್ಚ್ 29ಕ್ಕೆ ಕಂಠೀರವದಲ್ಲಿ ಪ್ಲೇಆಫ್, ಮತ್ತೆ ಮುಂಬೈ. ಈ ಸಲ 5-0, ನಮ್ಮ ಕಡೆಗೆ! ಸೆಮಿಫೈನಲ್ ಗೋವಾ ಎದುರು. ತವರಲ್ಲಿ 2-0 ಗೆದ್ದು, ಏಪ್ರಿಲ್ 6ಕ್ಕೆ ಫತೋರ್ಡಾದಲ್ಲಿ 0-2 ಹಿಂದೆ ಬಿದ್ದಿದ್ದಾಗ, ಹೆಚ್ಚುವರಿ ನಿಮಿಷದಲ್ಲಿ ನಲವತ್ತು ವರ್ಷದ ಚೆಟ್ರಿ ತಲೆ ಕೊಟ್ಟು ಗೋಲು ಹೊಡೆದರು. ಫೈನಲಿನಲ್ಲಿ ಮೋಹನ್ ಬಾಗಾನ್ ಎದುರು 1-2, ಮತ್ತೆ ಕೈತಪ್ಪಿತು.

ಕ್ವಾದ್ರತ್ ಏನಾದರು ಅಂತ ಕೇಳ್ತೀರಾ? ಈಸ್ಟ್ ಬೆಂಗಾಲ್ ಸೇರಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದುಕೊಟ್ಟರು, ಹನ್ನೆರಡು ವರ್ಷದ ನಂತರ ಆ ಕ್ಲಬ್ಬಿಗೆ ಸಿಕ್ಕ ರಾಷ್ಟ್ರ ಮಟ್ಟದ ಟ್ರೋಫಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೀಗಿನ ಮೊದಲ ಮೂರು ಪಂದ್ಯ ಸೋತರು, ಸೆಪ್ಟೆಂಬರ್ 30ಕ್ಕೆ ಹೊರಬಂದರು. ಅಲ್ಲೂ ಮೂರೇ ಸೋಲು! ಮೊದಲ ಸೋಲು ಬೆಂಗಳೂರಿನಿಂದ, ಮೂರನೆಯದು ಗೋವಾದಿಂದ. ಮಾಮ ಮತ್ತು ಅಣ್ಣ ಒಟ್ಟಿಗೆ ಸೇರಿ ಮಾಡಿದ ಒಂದೇ ಕೆಲಸ ಅದು.

ಗೋವಾದ ಕೋಚ್ ಮನೋಲೊ ಮಾರ್ಕೆಜ್ 2024ರ ಜುಲೈಯಿಂದ ಭಾರತ ತಂಡವನ್ನೂ ನೋಡಿಕೊಳ್ತಾ ಇದ್ದರು. ಭಾರತಕ್ಕೆ 8 ಪಂದ್ಯದಲ್ಲಿ ಒಂದೇ ಗೆಲುವು, ಮಾಲ್ಡೀವ್ಸ್ ಎದುರು. ಅದೇ ಸೀಸನಿನಲ್ಲಿ ಗೋವಾ ಲೀಗಿನಲ್ಲಿ 2ನೇ ಸ್ಥಾನ, 2025ರ ಮೇ 3ಕ್ಕೆ ಸೂಪರ್ ಕಪ್ ಕೂಡ. ಜೂನ್ 10ರಂದು ಹಾಂಕಾಂಗ್ ಎದುರು 0-1 ಸೋತ ಮೇಲೆ ನಮ್ಮ ಮನೆಯಲ್ಲಿ ಮೊದಲ ಸಲ ಇಬ್ಬರೂ ಒಂದೇ ಮಾತು ಹೇಳಿದರು, ಮನೋಲೊ ಹೋಗಬೇಕು ಅಂತ. ಮಾಮ ಒಂದು ಶರತ್ತು ಹಾಕಿದರು: "ಇಂಡಿಯಾದಿಂದ ಮಾತ್ರ!" ಹಾಗೇ ಆಯ್ತು. ಜುಲೈನಲ್ಲಿ ಮನೋಲೊ ಭಾರತ ತಂಡ ಬಿಟ್ಟು ಗೋವಾದಲ್ಲೇ ಮುಂದುವರಿದರು, ಆಗಸ್ಟ್ 13ಕ್ಕೆ ಫತೋರ್ಡಾದಲ್ಲಿ ಒಮಾನಿನ ಅಲ್ ಸೀಬ್ ತಂಡವನ್ನು 2-1 ಸೋಲಿಸಿ ಏಷ್ಯಾದ ಚಾಂಪಿಯನ್ಸ್ ಲೀಗ್ ಟೂಗೆ ಹೋದರು. ಮಾಮ ಕಾರವಾರದಿಂದ ಸಂಜೆಯ ರೈಲಿಗೆ ಹೋಗಿ ನೋಡಿ ಬಂದರು.