ಬಿಡುಗಡೆ ಪತ್ರ ಸಿಕ್ಕಿತು, ಬಿಡುಗಡೆ ಸಿಕ್ಕಿತಾ?

ಅಮೆರಿಕ ತನ್ನ ಮೊದಲ ಜನಗಣತಿ ಮಾಡಿದ್ದು 1790ರಲ್ಲಿ. ಒಟ್ಟು ಜನ 39 ಲಕ್ಷ ಚಿಲ್ಲರೆ. ಅವರಲ್ಲಿ ಸುಮಾರು 7 ಲಕ್ಷ ಜನ ಗುಲಾಮರು. ಮನುಷ್ಯರೆಲ್ಲ ಸಮಾನರು ಅಂತ ಆ ದೇಶ ಜಗತ್ತಿಗೆ ಸಾರಿ ಆಗ ಬರೀ 14 ವರ್ಷ ಆಗಿತ್ತು!

ಆದರೆ ನಾನಿವತ್ತು ಹೇಳೋಕೆ ಹೊರಟಿರೋದು ಆ 7 ಲಕ್ಷ ಜನರ ಕಥೆ ಅಲ್ಲ. ಅದೇ ಲೆಕ್ಕದಲ್ಲಿ ಇನ್ನೊಂದು ಕಾಲಂ ಇತ್ತು. ಬಿಳಿಯರೂ ಅಲ್ಲದ, ಗುಲಾಮರೂ ಅಲ್ಲದ ಸ್ವತಂತ್ರರ ಕಾಲಂ. ಸುಮಾರು 60 ಸಾವಿರ ಜನ, ಬಹುಪಾಲು ಕಪ್ಪು ಜನ. ಇವರ ಕಥೆಗೂ ನಮ್ಮ ಕೋಲಾರ ಜಿಲ್ಲೆಗೂ ಏನು ಸಂಬಂಧ ಅಂತೀರಾ? ಇದೆ. ಮೊದಲು ಅಲ್ಲಿನದು ಕೇಳಿ.

ಒಂದೊಂದು ರಾಜ್ಯದಲ್ಲಿ ಒಂದೊಂದು ನ್ಯಾಯ. ಮ್ಯಾಸಚೂಸೆಟ್ಸ್‌ನಲ್ಲಿ 1790ರ ಹೊತ್ತಿಗೆ ಲೆಕ್ಕಕ್ಕೆ ಒಬ್ಬ ಗುಲಾಮನೂ ಇರಲಿಲ್ಲ. ವರ್ಜೀನಿಯಾದಲ್ಲಿ 2 ಲಕ್ಷ 92 ಸಾವಿರ. ಪೆನ್ಸಿಲ್ವೇನಿಯಾ 1780ರಲ್ಲೇ ಗುಲಾಮಗಿರಿ ತೆಗೆಯುವ ಕಾನೂನು ಮಾಡಿತು. ಭೇಷ್ ಅಂತೀರಾ? ತಡೀರಿ. ಈಗಾಗಲೇ ಗುಲಾಮರಾಗಿದ್ದವರಿಗೆ ಅದು ಬಿಡುಗಡೆ ಕೊಡಲಿಲ್ಲ. ಆಮೇಲೆ ಹುಟ್ಟುವ ಮಕ್ಕಳಿಗೆ ಕೊಟ್ಟಿತು, ಅದೂ 28 ವರ್ಷ ಯಜಮಾನನ ಮನೆಯಲ್ಲಿ ದುಡಿದ ಮೇಲೆ. ವರ್ಜೀನಿಯಾ 1806ರಲ್ಲಿ ಇನ್ನೊಂದು ಕಾನೂನು ತಂತು: ಬಿಡುಗಡೆಯಾದವನು 12 ತಿಂಗಳೊಳಗೆ ರಾಜ್ಯ ಬಿಟ್ಟು ಹೋಗಬೇಕು. ಹೆಂಡತಿ ಮಕ್ಕಳು ಇನ್ನೂ ಗುಲಾಮರಾಗಿದ್ದರೆ? ಅವರನ್ನ ಬಿಟ್ಟು ಹೋಗು. ಇದು ಸ್ವಾತಂತ್ರ್ಯ!

ಡೆಲವೇರ್ ಅಂತ ಒಂದು ಚಿಕ್ಕ ರಾಜ್ಯ. 1860ರಲ್ಲಿ ಅಲ್ಲಿ ಗುಲಾಮರು ಉಳಿದಿದ್ದು 1,798 ಜನ ಮಾತ್ರ. ಸ್ವತಂತ್ರ ಕಪ್ಪು ಜನ 19,829. ಹತ್ತರಲ್ಲಿ ಒಂಬತ್ತು ಜನ ಸ್ವತಂತ್ರರು. ಆದರೂ ಅವರಿಗೆ ಓಟಿಲ್ಲ. ಆ ರಾಜ್ಯ ಉಳಿದವರನ್ನೂ ತಾನಾಗಿ ಬಿಡಲಿಲ್ಲ. 1865ರಲ್ಲಿ ಇಡೀ ದೇಶಕ್ಕೆ 13ನೇ ತಿದ್ದುಪಡಿ ಬಂದ ಮೇಲೇ ಅಲ್ಲಿ ಗುಲಾಮಗಿರಿ ಹೋಗಿದ್ದು.

ಇನ್ನು ಅವರ ಜೇಬಲ್ಲಿದ್ದ ಕಾಗದದ ವಿಚಾರ. ತಾನು ಗುಲಾಮ ಅಲ್ಲ ಅಂತ ಸಾಬೀತು ಮಾಡೋಕೆ ಹೋದಲ್ಲೆಲ್ಲ ಒಂದು ಪತ್ರ ಇಟ್ಕೊಂಡು ಓಡಾಡಬೇಕಿತ್ತು. ಅದರಲ್ಲಿ ಹೆಸರು, ಎತ್ತರ, ಮೈಮೇಲಿನ ಗಾಯದ ಗುರುತು. ಸಂತೆಯಲ್ಲಿ ದನಕ್ಕೆ ಗುರುತು ನೋಡ್ತೀವಲ್ಲ, ಹಾಗೆ. ಪತ್ರ ಕಳೆದರೆ ಮುಗೀತು. ಸಾಲೊಮನ್ ನಾರ್ಥಪ್ ಅನ್ನೋ ನ್ಯೂಯಾರ್ಕ್‌ನವನು ಹುಟ್ಟಿನಿಂದಲೇ ಸ್ವತಂತ್ರ. 1841ರಲ್ಲಿ ಅವನನ್ನ ಅಪಹರಿಸಿ ದಕ್ಷಿಣಕ್ಕೆ ಮಾರಿಬಿಟ್ಟರು. ವಾಪಸ್ ಬರೋಕೆ 12 ವರ್ಷ ಬೇಕಾಯ್ತು. ಅವನ ಕಥೆ ಸಿನಿಮಾ ಆಗಿ ಆಸ್ಕರ್ ಗೆದ್ದಾಗ ನಾವೆಲ್ಲ ನೋಡಿ ಕಣ್ಣೊರೆಸಿಕೊಂಡೆವು.

ಸರಿ, ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಇಲ್ಲಿ ಮನುಷ್ಯರನ್ನ ಕಟಕಟೆ ಮೇಲೆ ನಿಲ್ಲಿಸಿ ಹರಾಜು ಕೂಗಲಿಲ್ಲ, ನಿಜ. ಅದು ಬೇರೆ, ಇದು ಬೇರೆ. ಇಲ್ಲಿ ಕಟ್ಟಿಹಾಕಿದ್ದು ಸಾಲ ಮತ್ತು ಜಾತಿ. ಹೆಸರು ಜೀತ.

ವೇಮಗಲ್ ಹೋಬಳಿಯ ಒಂದು ಹಳ್ಳಿಯಲ್ಲಿ ಒಬ್ಬ ತಾತನನ್ನ ಮಾತಾಡಿಸಿದ್ದೆ. ಅವರಪ್ಪ ಮಗಳ ಮದುವೆಗೆ ಅಂತ ಸಾಲ ಮಾಡಿದ್ದರಂತೆ. ಸಾಲ ತೀರಿಸೋಕೆ ಒಂಬತ್ತು ವರ್ಷದ ಈ ಹುಡುಗನನ್ನ ಸಾಹುಕಾರರ ಮನೆಗೆ ಬಿಟ್ಟರು. ಕೋಳಿ ಕೂಗೋಕೆ ಮುಂಚೆ ಕೊಟ್ಟಿಗೆ ಸಗಣಿ ಬಾಚಬೇಕು, ದನ ಮೇಯಿಸಬೇಕು, ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು. ವರ್ಷಕ್ಕೆ ಒಂದಿಷ್ಟು ರಾಗಿ, ಒಂದು ಜೊತೆ ಬಟ್ಟೆ, ಒಂದು ಕಂಬಳಿ. ಇವರ ಮದುವೆಗೂ ಅದೇ ಮನೆಯಲ್ಲಿ ಸಾಲ. ಅಪ್ಪನ ಸಾಲ ಮಗನಿಗೆ, ಮಗನ ಸಾಲ ಮೊಮ್ಮಗನಿಗೆ. ಇದರಲ್ಲಿ ಅಸಲು ಯಾವುದು, ಬಡ್ಡಿ ಯಾವುದು? ಓದು ಬರಹ ಬಾರದವನಿಗೆ ಲೆಕ್ಕ ತೋರಿಸೋರು ಯಾರು?

ಸಂವಿಧಾನದ 23ನೇ ವಿಧಿ 1950ರಲ್ಲೇ ಬಲವಂತದ ದುಡಿಮೆ ಬೇಡ ಅಂತ ಹೇಳಿತ್ತು. ಆದರೂ ಜೀತಕ್ಕೇ ಅಂತ ದೇಶವ್ಯಾಪಿ ಕಾನೂನು ಬರೋಕೆ ಇನ್ನೂ 25 ವರ್ಷ ಬೇಕಾಯ್ತು. 1975ರ ಅಕ್ಟೋಬರ್, ತುರ್ತು ಪರಿಸ್ಥಿತಿಯ ಕಾಲ. ಸುಗ್ರೀವಾಜ್ಞೆ ಬಂತು, ಮರುವರ್ಷ ಕಾಯ್ದೆ ಆಯ್ತು. ಕಾಯ್ದೆ ಗಟ್ಟಿಯಾಗೇ ಇದೆ. ಜೀತದ ಸಾಲ ಪೂರ್ತಿ ವಜಾ. ಜೀತಕ್ಕಿಟ್ಟುಕೊಂಡವನಿಗೆ 3 ವರ್ಷದವರೆಗೆ ಜೈಲು. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸಾಲ ಕೊಟ್ಟವನದೇ. ನಮ್ಮಲ್ಲಿ ದೇವರಾಜ ಅರಸರು ಭೂಸುಧಾರಣೆ ತಂದರು, ಋಣಪರಿಹಾರದ ಕಾನೂನೂ ತಂದರು. ಕರ್ನಾಟಕದಲ್ಲಿ ಸರ್ಕಾರವೇ ಗುರುತಿಸಿದ ಜೀತದಾಳುಗಳ ಸಂಖ್ಯೆ 60 ಸಾವಿರ ದಾಟಿತು. ಅವರ ಕೈಗೂ ಒಂದು ಕಾಗದ ಬಂತು. ಬಿಡುಗಡೆ ಪತ್ರ!

ಆಮೇಲೆ? ಕಾಗದ ಹಿಡ್ಕೊಂಡು ಆ ತಾತ ಮನೆಗೆ ಬಂದರಂತೆ. ಮನೆಯಲ್ಲಿ ಕಾಳು ಇಲ್ಲ, ಹೆಸರಿಗೊಂದು ಗುಂಟೆ ಭೂಮಿ ಇಲ್ಲ. ಊರಲ್ಲಿ ಕೂಲಿ ಕೊಡೋನು ಯಾರು? ಅದೇ ಸಾಹುಕಾರ. ಎರಡನೇ ವಾರಕ್ಕೆ ಅದೇ ಕೊಟ್ಟಿಗೆಗೆ ಹೋದೆ ಅಂದರು, ಯಾವ ಸಿಟ್ಟೂ ಇಲ್ಲದೆ.

ಅಮೆರಿಕದಲ್ಲೂ ಆಗಿದ್ದು ಇದೇ. 1865ರ ಜನವರಿಯಲ್ಲಿ ಜನರಲ್ ಶರ್ಮನ್, ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆವರೆಗೂ ಭೂಮಿ ಕೊಡಿ ಅಂತ ಆದೇಶ ಮಾಡಿದ. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಭೂಮಿಯನ್ನ ಹಳೇ ಯಜಮಾನರಿಗೇ ವಾಪಸ್ ಕೊಟ್ಟ. ಬಿಡುಗಡೆಯಾದವರು ಅದೇ ಹೊಲದಲ್ಲಿ ಪಾಲಿಗೆ ದುಡಿದರು, ಬೀಜಕ್ಕೆ ಸಾಲ, ಬಟ್ಟೆಗೆ ಸಾಲ. ಸರಪಳಿ ಹೋಯ್ತು, ಸಾಲದ ಪುಸ್ತಕ ಬಂತು. ಅಲ್ಲಿ ಸಿಕ್ಕಿದ್ದು ಜೀತವೇ ತಾನೇ?

ನಮ್ಮ ಸುಪ್ರೀಂ ಕೋರ್ಟ್ 1984ರಲ್ಲೇ ಈ ಮಾತು ಹೇಳಿದೆ. ಬಿಡಿಸಿ ಪುನರ್ವಸತಿ ಕೊಡದಿದ್ದರೆ ಅವರು ಮತ್ತೆ ಜೀತಕ್ಕೇ ಬೀಳುತ್ತಾರೆ ಅಂತ. 2016ರ ಯೋಜನೆಯಲ್ಲಿ ಪುನರ್ವಸತಿಗೆ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮಕ್ಕಳಿಗೆ 2 ಲಕ್ಷ, ತೀರಾ ಘೋರ ಪ್ರಕರಣಕ್ಕೆ 3 ಲಕ್ಷ ಅಂತ ಇಟ್ಟರು. ಕೇಳೋಕೆ ಚೆನ್ನಾಗಿದೆ. ಆದರೆ ತಕ್ಷಣದ ನೆರವು ಬಿಟ್ಟರೆ ಬಾಕಿ ಹಣವನ್ನ ಆರೋಪಿಗೆ ಶಿಕ್ಷೆ ಆಗೋದರ ಜೊತೆ ತಳುಕು ಹಾಕಿದರು. ಕೇಸು ಮುಗಿಯೋದು ಯಾವಾಗ, ಅವನ ಮಕ್ಕಳು ಉಣ್ಣೋದು ಯಾವಾಗ?

ಜೀತ ಈಗೆಲ್ಲಿದೆ ಸಾರ್ ಅಂತ ಕೇಳೋರು ಇದ್ದಾರೆ. ವೇಮಗಲ್‌ನಲ್ಲೇ ಇವತ್ತು ಕೈಗಾರಿಕಾ ಪ್ರದೇಶ ಎದ್ದು ನಿಂತಿದೆ, ಯಾರ ಹುಡುಗ ಇನ್ನೂ ಕೊಟ್ಟಿಗೆ ಬಾಚ್ತಾನೆ ಅಂತಾರೆ. ಒಪ್ತೀನಿ, ಹಳೇ ಜೀತ ಸವೆದಿದೆ. ಅದರ ಹೊಸ ಹೆಸರು ಅಡ್ವಾನ್ಸ್. ಒಡಿಶಾದಿಂದ ಮುಂಗಡ ಕೊಟ್ಟು ಕರೆತಂದ ಕುಟುಂಬಗಳನ್ನ ಬೆಂಗಳೂರಿನ ಸುತ್ತಲಿನ ಇಟ್ಟಿಗೆ ಗೂಡುಗಳಿಂದ ಬಿಡಿಸಿದ ಸುದ್ದಿ ನಾನೇ ಓದಿದ್ದೀನಿ. ಮುಂಗಡ ತೀರೋವರೆಗೂ ಊರಿಗೆ ಹೋಗೋಹಾಗಿಲ್ಲ. ಇದಕ್ಕೆ ಏನಂತ ಕರೀತೀರಿ?

ಕೊನೆಗೊಂದು ಮಾತು. ಪ್ರತಿ ಜಿಲ್ಲೆಯಲ್ಲೂ, ಪ್ರತಿ ಉಪವಿಭಾಗದಲ್ಲೂ ಜೀತ ತಡೆಯೋಕೆ ಜಾಗೃತಿ ಸಮಿತಿ ಇರಬೇಕು ಅಂತ 1976ರ ಕಾಯ್ದೆಯೇ ಹೇಳುತ್ತೆ. ನಿಮ್ಮ ಉಪವಿಭಾಗದ ಸಮಿತಿ ಕೊನೇ ಸಲ ಸಭೆ ಸೇರಿದ್ದು ಯಾವಾಗ? ಎಷ್ಟು ಬಿಡುಗಡೆ ಪತ್ರ ಕೊಟ್ಟರು, ಪತ್ರ ಪಡೆದವರಲ್ಲಿ ಎಷ್ಟು ಜನರಿಗೆ ಭೂಮಿ ಸಿಕ್ಕಿತು? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಒಂದು ಅರ್ಜಿ ಹಾಕಿ. ಬರೋ ಉತ್ತರ ಓದಿದ ಮೇಲೆ ಅಮೆರಿಕದವರ ಬಗ್ಗೆ ಮಾತಾಡೋಣ.