ಗೂನುಬೆನ್ನು, ಉಸಿರಾಟ ಮತ್ತು ಕೈಚಿಕಿತ್ಸೆ

ಬೆನ್ನಿನ ಮೇಲ್ಭಾಗವು ಸಹಜ ಮಿತಿಯನ್ನು ಮೀರಿ ಹೊರಕ್ಕೆ ಬಾಗಿರುವ ಸ್ಥಿತಿಗೆ ಗೂನುಬೆನ್ನು ಎಂದು ಹೆಸರು. ವೈದ್ಯರು ಇದನ್ನು ಕೈಫೋಸಿಸ್ ಎನ್ನುತ್ತಾರೆ. ಗಡಿನಾಡಿನ ಆಸ್ಪತ್ರೆಗಳಲ್ಲಿ ಇದೇ ಸ್ಥಿತಿ ತಮಿಳಿನಲ್ಲಿ ಕೂನ್, ಮಲಯಾಳದಲ್ಲಿ ಕೂನು, ತೆಲುಗಿನಲ್ಲಿ ಗೂನಿ, ಮರಾಠಿಯಲ್ಲಿ ಕುಬಡ ಎಂದು ನಮ್ಮವರ ಕಿವಿಗೆ ಬೀಳುತ್ತದೆ. ಎದೆಯ ಹಿಂಭಾಗದ ಬೆನ್ನೆಲುಬಿನಲ್ಲಿ ಸ್ವಲ್ಪ ಬಾಗು ಎಲ್ಲರಿಗೂ ಇದ್ದೇ ಇರುತ್ತದೆ. ಎಕ್ಸ್-ರೇಯಲ್ಲಿ ಅಳೆದರೆ ಅದು ಸಾಮಾನ್ಯವಾಗಿ 20ರಿಂದ 40 ಡಿಗ್ರಿ.

ಈ ಭಾಗದ 12 ಕಶೇರುಮಣಿಗಳಿಗೆ 12 ಜೊತೆ ಪಕ್ಕೆಲುಬುಗಳು ಕೀಲುಗೊಂಡಿವೆ. ಉಸಿರನ್ನು ಒಳಗೆಳೆದಾಗ ಮೇಲಿನ ಪಕ್ಕೆಲುಬುಗಳು ಕೈಪಂಪಿನ ಹಿಡಿಯಂತೆ ಮುಂದಕ್ಕೂ ಮೇಲಕ್ಕೂ, ಕೆಳಗಿನವು ಬಕೆಟ್ಟಿನ ಹಿಡಿಯಂತೆ ಪಕ್ಕಕ್ಕೂ ಏಳುತ್ತವೆ, ವಪೆ ಕೆಳಗಿಳಿಯುತ್ತದೆ. ಬೆನ್ನು ಬಾಗಿದಾಗ ಪಕ್ಕೆಲುಬುಗಳು ಮುಂಭಾಗದಲ್ಲಿ ಒತ್ತೊತ್ತಾಗಿ, ಹೊಟ್ಟೆ ಅದುಮಿಹೋಗಿ, ಈ ಚಲನೆಗಳೆಲ್ಲ ಕುಗ್ಗುತ್ತವೆ. ಆಗ ಕುತ್ತಿಗೆಯ ಸ್ನಾಯುಗಳು ಹೆಗಲನ್ನೆತ್ತಿ ಉಸಿರೆಳೆಯಬೇಕಾಗುತ್ತದೆ. ದರ್ಜಿಯ ಟೇಪಿನಿಂದ ಇದನ್ನು ಮನೆಯಲ್ಲಿಯೇ ಅಂದಾಜಿಸಬಹುದು. ಉಸಿರನ್ನು ಪೂರ್ತಿ ಬಿಟ್ಟಾಗ ಮತ್ತು ಪೂರ್ತಿ ಎಳೆದಾಗ ಎದೆಯ ಸುತ್ತಳತೆಯಲ್ಲಿ ಆರೋಗ್ಯವಂತ ವಯಸ್ಕರಿಗೆ ಸುಮಾರು 5 ಸೆಂಟಿಮೀಟರ್ ವ್ಯತ್ಯಾಸವಿರುತ್ತದೆ; ಅದು 2.5ಕ್ಕಿಂತ ಕಡಿಮೆಯಾದರೆ ವೈದ್ಯರಿಗೆ ತೋರಿಸಬೇಕು.

ಬೆನ್ನಿಗೆ ಕೈಯಿಡುವ ಮೊದಲು ಅದು ಬಾಗಿದ್ದೇಕೆಂದು ತಿಳಿಯಬೇಕು. ಮಗು ನೆಟ್ಟಗೆ ನಿಂತಾಗ ಅಥವಾ ಬೋರಲು ಮಲಗಿದಾಗ ಬಾಗು ಮಾಯವಾದರೆ ಅದು ಕೇವಲ ಭಂಗಿಯ ದೋಷ. ಹಾಗೆಯೇ ಉಳಿದರೆ ಮೂಳೆಯಲ್ಲೇ ಬದಲಾವಣೆಯಾಗಿರುವ ಸಾಧ್ಯತೆಯಿದೆ. ಹದಿವಯಸ್ಸಿನವರಲ್ಲಿ ಕಶೇರುಮಣಿಗಳು ಬೆಣೆಯಾಕಾರಕ್ಕೆ ತಿರುಗುವ ರೋಗಕ್ಕೆ, ಅದನ್ನು ವಿವರಿಸಿದ ಡೆನ್ಮಾರ್ಕಿನ ಹೋಲ್ಗರ್ ಶಾಯರ್‌ಮಾನ್ ಅವರ ಹೆಸರನ್ನೇ ಇಡಲಾಗಿದೆ. ಅಜ್ಜಿಯಂದಿರಲ್ಲಿ ಸಾಮಾನ್ಯ ಕಾರಣ ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಬೆನ್ನೆಲುಬಿನ ಕ್ಷಯ. ಬೆನ್ನು ಒಂದೇ ಕಡೆ ಮೊನೆಯಾಗಿ ಉಬ್ಬುವುದು, ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿಯ ನೋವು ಇದರ ಸೂಚನೆಗಳು. ಕಾಲುಗಳಲ್ಲಿ ಬಲ ಕುಂದಿದರೆ ಒಂದು ದಿನವೂ ತಡಮಾಡಬಾರದು. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಕಾರಣ ಖಚಿತವಾಗಿ, ಅಪಾಯವಿಲ್ಲವೆಂದು ತಿಳಿದ ಬಳಿಕವೇ ಫಿಸಿಯೋಥೆರಪಿಸ್ಟರ ಕೈಚಿಕಿತ್ಸೆ. ಅವರು ಮೊದಲು ಬಿಗಿದುಕೊಂಡ ಎದೆಯ ಮುಂಭಾಗದ ಸ್ನಾಯುಗಳನ್ನು ನಿಧಾನವಾಗಿ ಸಡಿಲಿಸುತ್ತಾರೆ. ಆಮೇಲೆ ಅಂಗೈಯಂಚಿನಿಂದ ಕಶೇರುಮಣಿಗಳ ಕೀಲುಗಳ ಮೇಲೆ ಹಗುರವಾಗಿ, ಲಯಬದ್ಧವಾಗಿ ಒತ್ತುತ್ತಾರೆ. ಪಕ್ಕೆಲುಬುಗಳ ಮೇಲೆ ಕೈಯಿಟ್ಟು, ಉಸಿರು ಬಿಡುವಾಗ ಅದರೊಂದಿಗೆ ಒತ್ತಿ, ಎಳೆಯುವಾಗ ಬಿಡುವ ಕ್ರಮವೂ ಉಂಟು. ಮುಚ್ಚಿಹೋದ ಭಾಗಕ್ಕೆ ಉಸಿರನ್ನು ಕಳುಹಿಸಲು ರೋಗಿ ಇದರಿಂದ ಕಲಿಯುತ್ತಾನೆ. ಕೆಳಪಕ್ಕೆಗಳ ಅಂಚಿನಲ್ಲಿ ಬೆರಳಿಟ್ಟು ವಪೆಯ ಸುತ್ತಲಿನ ಬಿಗಿತವನ್ನೂ ಕಳೆಯುತ್ತಾರೆ. ಇದಾದ ಮೇಲೆ ಎದೆ ಹಗುರವಾದಂತೆ ಅನ್ನಿಸುವುದು ನಿಜ. ಆದರೆ ಕೈ ಸಡಿಲಿಸುವುದು ಸ್ನಾಯುವನ್ನೂ ಕೀಲನ್ನೂ ಮಾತ್ರ. ಬೆಣೆಯಾದ ಮೂಳೆ ನೆಟ್ಟಗಾಗುವುದಿಲ್ಲ. ಭಾಗವತದಲ್ಲಿ ಕೃಷ್ಣನು ಕುಬ್ಜೆಯ ಪಾದಗಳನ್ನು ಮೆಟ್ಟಿ, ಗಲ್ಲಕ್ಕೆ ಎರಡು ಬೆರಳಿಟ್ಟು ಎತ್ತಿದೊಡನೆ ಅವಳ ಗೂನು ಹೋಯಿತು. ಅಂಥ ಭರವಸೆಯನ್ನು ಇಂದು ಯಾರಾದರೂ ಕೊಟ್ಟರೆ ನಂಬಬೇಕಾಗಿಲ್ಲ. ಬೆನ್ನು 'ಕಟಕ್' ಎಂದದ್ದೂ ಮೂಳೆ ಸ್ಥಾನಕ್ಕೆ ಬಂದ ಗುರುತಲ್ಲ. ಅದು ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯಿಂದಾಗುವ ಸದ್ದು.

ಟೊಳ್ಳಾದ ಮೂಳೆ ರಭಸದ ಒತ್ತಡಕ್ಕೆ ಮುರಿಯಬಲ್ಲದು. ಆದುದರಿಂದ ಆಸ್ಟಿಯೋಪೊರೋಸಿಸ್, ಕ್ಷಯ, ಕ್ಯಾನ್ಸರ್ ಅಥವಾ ಮೂಳೆಮುರಿತ ಇರುವವರಿಗೆ ಝಟಕೆ ಕೊಡುವ ಚಿಕಿತ್ಸೆಯಾಗಲಿ, ಕೇರಳದಲ್ಲಿ ರೂಢಿಯಲ್ಲಿರುವ ಕಾಲಿನಿಂದ ತುಳಿಯುವ ಉಳಿಚ್ಚಿಲ್ ಆಗಲಿ ಕೂಡದು.

ಕೈಚಿಕಿತ್ಸೆಯಿಂದ ದೊರೆತ ಸಡಿಲಿಕೆಯನ್ನು ಉಳಿಸುವುದು ದಿನನಿತ್ಯದ ವ್ಯಾಯಾಮ. ಭಂಗಿದೋಷದ ಮಕ್ಕಳು ಬೋರಲು ಮಲಗಿ ತಲೆ, ಎದೆಯನ್ನು ನೆಲದಿಂದ ಎತ್ತಿ ಹಿಡಿಯುವುದನ್ನೂ, ಗೋಡೆಗೆ ಬೆನ್ನು ತಾಗಿಸಿ ನಿಂತು ತೋಳುಗಳನ್ನು ಮೇಲಕ್ಕೆ ಜಾರಿಸುವುದನ್ನೂ ರೂಢಿಸಿಕೊಳ್ಳಬಹುದು. ಮೂಳೆ ಟೊಳ್ಳಾದ ಹಿರಿಯರು ಮುಂದಕ್ಕೆ ಬಾಗುವ ವ್ಯಾಯಾಮಗಳನ್ನು ಮಾಡಬಾರದು. ಶಾಯರ್‌ಮಾನ್ ರೋಗದ ಬಾಗು ಹೆಚ್ಚಾಗುತ್ತಿದ್ದರೆ, ಮೂಳೆ ಬೆಳೆಯುತ್ತಿರುವಾಗಲೇ ಬ್ರೇಸ್ ತೊಡಿಸಬೇಕಾಗುತ್ತದೆ. ಬೆಳವಣಿಗೆ ನಿಂತ ಮೇಲೆ ಅದರಿಂದ ಆ ಪ್ರಯೋಜನವಿಲ್ಲ.