ಟಾಪ್-ಅಪ್ ಆರೋಗ್ಯ ವಿಮೆ: ಆಸ್ಪತ್ರೆ ಬಿಲ್ಲಿನಲ್ಲಿ ಮರಳಿ ಸಿಗುವುದೆಷ್ಟು?

ಕೆಲಸದ ಸಂಸ್ಥೆಯಿಂದ ದೊರೆತ ಅಥವಾ ಸ್ವತಃ ಮಾಡಿಸಿಕೊಂಡ 2-3 ಲಕ್ಷ ರೂಪಾಯಿಯ ಆರೋಗ್ಯ ವಿಮೆ ದೊಡ್ಡ ಶಸ್ತ್ರಚಿಕಿತ್ಸೆಗೆ ಸಾಲದೇ ಹೋಗಬಹುದು. ಹಾಗಾಗಿ ಹಲವರು ಅದರ ಜೊತೆಗೆ ಟಾಪ್-ಅಪ್ ಪಾಲಿಸಿ ಪಡೆಯುತ್ತಾರೆ. ಇದರ ಪ್ರೀಮಿಯಂ ಕಡಿಮೆ. ಆದರೆ ಇದು ಬಿಲ್ಲಿನ ಮೊದಲ ರೂಪಾಯಿಯಿಂದ ಹಣ ಕೊಡುವುದಿಲ್ಲ. ಪಾಲಿಸಿಯಲ್ಲಿ ಬರೆದಿರುವ ಮಿತಿಯನ್ನು, ಅಂದರೆ ಡಿಡಕ್ಟಿಬಲ್ ಅನ್ನು, ದಾಟಿದ ಮೊತ್ತವನ್ನು ಮಾತ್ರ ಕೊಡುತ್ತದೆ.

ಎರಡು ವಿಧಗಳು

ಸಾಮಾನ್ಯ ಟಾಪ್-ಅಪ್‌ನಲ್ಲಿ ಪ್ರತಿ ಬಾರಿ ಆಸ್ಪತ್ರೆಗೆ ಸೇರಿದಾಗಲೂ ಮಿತಿಯನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಸೂಪರ್ ಟಾಪ್-ಅಪ್‌ನಲ್ಲಿ ಪಾಲಿಸಿ ವರ್ಷದ ಎಲ್ಲಾ ಬಿಲ್ಲುಗಳನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ.

ಒಂದು ಉದಾಹರಣೆ ನೋಡೋಣ. ಮೂಲ ವಿಮೆ 3 ಲಕ್ಷ, ಟಾಪ್-ಅಪ್‌ನ ಮಿತಿಯೂ 3 ಲಕ್ಷ ಎಂದಿಟ್ಟುಕೊಳ್ಳಿ. ಒಂದೇ ಬಾರಿಗೆ 5 ಲಕ್ಷ ಬಿಲ್ಲಾದರೆ ಮೂಲ ವಿಮೆ 3 ಲಕ್ಷ, ಟಾಪ್-ಅಪ್ 2 ಲಕ್ಷ ಕೊಡುತ್ತದೆ. ಅದೇ ವರ್ಷದಲ್ಲಿ ಎರಡು ಬಾರಿ ತಲಾ 2.5 ಲಕ್ಷ ಖರ್ಚಾದರೆ ಮೂಲ ವಿಮೆ ಎರಡನೇ ಬಾರಿಗೆ 50 ಸಾವಿರ ಕೊಟ್ಟು ಮುಗಿಯುತ್ತದೆ. ಉಳಿದ 2 ಲಕ್ಷವನ್ನು ಸೂಪರ್ ಟಾಪ್-ಅಪ್ ಕೊಡುತ್ತದೆ. ಸಾಮಾನ್ಯ ಟಾಪ್-ಅಪ್ ಏನನ್ನೂ ಕೊಡುವುದಿಲ್ಲ. ಎರಡು ಬಿಲ್ಲುಗಳಲ್ಲಿ ಒಂದೂ 3 ಲಕ್ಷ ದಾಟಿಲ್ಲವಲ್ಲ!

ನಿವೃತ್ತಿಯಾದವರು ಗಮನಿಸಿ

ಕೆಲಸ ಬಿಟ್ಟಾಗ ಸಂಸ್ಥೆಯ ಗುಂಪು ವಿಮೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ಮಕ್ಕಳ ಸಂಸ್ಥೆಯ ವಿಮೆಯಲ್ಲಿ ಹೆಸರಿರುವ ತಂದೆತಾಯಿಯರಿಗೂ ಇದು ಅನ್ವಯ. ಟಾಪ್-ಅಪ್ ಉಳಿದರೂ ಮೊದಲ 3 ಲಕ್ಷ ನಮ್ಮ ಕೈಯಿಂದಲೇ ಹೋಗಬೇಕಾಗುತ್ತದೆ.

ಯಾವುದು ಸಿಗುವುದಿಲ್ಲ?

ಜೊತೆಗಿರುವವರ ಊಟ, ನೋಂದಣಿ ಶುಲ್ಕ, ಕನ್ನಡಕ ಮೊದಲಾದವುಗಳಿಗೆ ಹೆಚ್ಚಿನ ಪಾಲಿಸಿಗಳಲ್ಲಿ ಹಣವಿಲ್ಲ. ಕೊಠಡಿ ಬಾಡಿಗೆಗೆ ಮಿತಿಯಿದ್ದರೆ ಎಚ್ಚರ ಅಗತ್ಯ. ದಿನಕ್ಕೆ 5,000 ರೂ. ಮಿತಿಯಿರುವಾಗ 10,000 ರೂ. ಕೊಠಡಿ ಹಿಡಿದರೆ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕಗಳನ್ನೂ ಅರ್ಧಕ್ಕೆ ಇಳಿಸಬಹುದು. ಔಷಧಿ, ಇಂಪ್ಲಾಂಟ್ ಮತ್ತು ಪರೀಕ್ಷೆಗಳ ಖರ್ಚಿಗೆ ಈ ಕಡಿತ ಮಾಡುವಂತಿಲ್ಲ.

ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿಯಿದೆ. 2024ರ ನಿಯಮದಂತೆ ಅದು 36 ತಿಂಗಳು ಮೀರಬಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮರೆಮಾಚಬೇಡಿ. ಕ್ಲೇಮ್ ತಿರಸ್ಕೃತವಾಗಲು ಅದೇ ಕಾರಣವಾಗಬಹುದು.

ಕ್ಲೇಮ್ ಮಾಡುವಾಗ

ಆಸ್ಪತ್ರೆಗೆ ಸೇರಿದ ಕೂಡಲೇ ಎರಡೂ ವಿಮಾ ಕಂಪೆನಿಗಳಿಗೆ ತಿಳಿಸಿ. ಡಿಸ್ಚಾರ್ಜ್ ಸಮ್ಮರಿ, ವಿವರವಾದ ಬಿಲ್ಲುಗಳು, ರಶೀದಿಗಳು ಹಾಗೂ ಪರೀಕ್ಷಾ ವರದಿಗಳ ಪ್ರತಿ ಇಟ್ಟುಕೊಳ್ಳಿ. ಮೂಲ ವಿಮೆಯವರು ಎಷ್ಟು ಕೊಟ್ಟರೆಂಬ ಪತ್ರವನ್ನು ಟಾಪ್-ಅಪ್ ಕಂಪೆನಿ ಕೇಳುತ್ತದೆ.

ಕ್ಲೇಮ್ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ನೀಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮನೆಯಲ್ಲಿರುವ ಪಾಲಿಸಿಯನ್ನು ಇಂದೇ ತೆಗೆದು ಮೂರು ವಿಷಯ ನೋಡಿ: ಅದು ಟಾಪ್-ಅಪ್ಪೋ ಸೂಪರ್ ಟಾಪ್-ಅಪ್ಪೋ, ಮಿತಿ ಎಷ್ಟು, ಕೊಠಡಿ ಬಾಡಿಗೆ ಎಷ್ಟು. ವಾರ್ಡಿನ ಗುರಿಕಾರರು ಹಿರಿಯರ ಮನೆಗಳಲ್ಲಿ ಇದನ್ನು ಓದಿ ತಿಳಿಸಿದರೆ ದೊಡ್ಡ ಉಪಕಾರವಾದೀತು.